ಉಲ್ಕೆ ಅಂತ ಬಂದ ಕಲ್ಲು: ಸಿ.ಎನ್. ದುರ್ಗದ ಕಡೆಯ ಒಂದು ಪ್ರಕರಣ

ಯುಗಾದಿ ಮುಗಿದು ಎರಡು ವಾರ ಆಗಿತ್ತು. ಭಾನುವಾರ ಬೆಳಗ್ಗೆ ತುಮಕೂರಿನ ನಮ್ಮ ಮನೆ ಮುಂದೆ ಒಂದು ಬೈಕ್ ನಿಂತಿತು. ಇಳಿದ ಹುಡುಗನಿಗೆ 26–27 ವಯಸ್ಸಿರಬಹುದು. ಕೊರಟಗೆರೆ ತಾಲ್ಲೂಕು, ಚನ್ನರಾಯನದುರ್ಗದ ಕಡೆಯವನು. ನಮ್ಮ ಕಡೆ ಅದನ್ನು ಸಿ.ಎನ್. ದುರ್ಗ ಅಂತಲೇ ಕರೆಯೋದು. ಮೋಟರ್ ರಿವೈಂಡಿಂಗ್ ಕೆಲಸ ಮಾಡುತ್ತಾನೆ, ಜೊತೆಗೆ ಎರಡೂವರೆ ಎಕರೆ ಹೊಲ. ಬ್ಯಾಗಿನಿಂದ ಒಂದು ಹಳೇ ಟವೆಲ್ ತೆಗೆದು, ಮಗುವನ್ನು ಮಲಗಿಸಿದ ಹಾಗೆ ಮೇಜಿನ ಮೇಲಿಟ್ಟು ಬಿಚ್ಚಿದ. ಒಳಗೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಕಲ್ಲು.

"ಸಾರ್, ಇದು ಉಲ್ಕೆ," ಅಂದ. ಕೇಳಲಿಲ್ಲ, ಹೇಳಿದ.

ನಾನು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಜಗುಲಿಯ ಮೇಲಿನ ಆ ಮೇಜಿಗೆ ಕಲ್ಲುಗಳು ಬರುತ್ತಲೇ ಇರುತ್ತವೆ. ಬೆಣಚುಕಲ್ಲನ್ನು ವಜ್ರ ಅಂತ ತರುತ್ತಾರೆ. ಕಾಗೆಬಂಗಾರವನ್ನು ಬಂಗಾರ ಅಂತ ತರುತ್ತಾರೆ. ನಮ್ಮ ಹಿರಿಯರು ಅಭ್ರಕಕ್ಕೆ ಎಷ್ಟು ಚೆನ್ನಾದ ಹೆಸರಿಟ್ಟಿದ್ದಾರೆ ನೋಡಿ, ಹೊಳಪೂ ಇದೆ, ಎಚ್ಚರಿಕೆಯೂ ಇದೆ. ಬಂದವರನ್ನು ನಾನು ಯಾವತ್ತೂ ಬರಿಗೈಲಿ ಕಳಿಸಿಲ್ಲ. ಅವರು ಅಂದುಕೊಂಡದ್ದು ಅಲ್ಲದಿದ್ದರೆ, ಮತ್ತೇನು ಅಂತ ಹೇಳಿಯೇ ಕಳಿಸಬೇಕು ಅನ್ನೋದು ನನ್ನ ಹಟ. ಈ ಕಲ್ಲನ್ನು ಗುರುತಿಸಿದ ಬಗೆಯನ್ನು ಪೂರ್ತಿ ಬರೆದಿಡಲು ಕಾರಣ, ಇದರಲ್ಲಿ ನಾನು ಎರಡು ಕಡೆ ಎಡವಿದೆ. ಮಾಡುವ ಪರೀಕ್ಷೆಗಳೂ ಒಂದು ಹಂತದವರೆಗೆ ಉತ್ತರವನ್ನೇ ಕೊಡಲಿಲ್ಲ.

ಹುಡುಗನ ಲೆಕ್ಕ

ಅವನ ವಾದ ಸುಮ್ನೆ ತಳ್ಳಿಹಾಕುವಂಥದ್ದಾಗಿರಲಿಲ್ಲ. ಹಿಂದಿನ ತಿಂಗಳು ಒಂದು ರಾತ್ರಿ ಊರಿನ ನಾಲ್ಕಾರು ಜನ ಆಕಾಶದಲ್ಲಿ ಬೆಂಕಿ ಉಂಡೆ ಹಾದುಹೋಗಿದ್ದನ್ನು ನೋಡಿದ್ದರು. ಅದಾದ ಮೇಲೆ ಅವರ ಹೊಲದಲ್ಲಿ ಕೃಷಿ ಹೊಂಡ ತೆಗೆಸಲು ಜೆಸಿಬಿ ಬಂತು. ಮಣ್ಣಿನ ರಾಶಿಯಲ್ಲಿ ಈ ಕಲ್ಲು ಸಿಕ್ಕಿತು. ಸುತ್ತಮುತ್ತ ಇರುವುದೆಲ್ಲ ಬಿಳಿ–ಗುಲಾಬಿ ಬಣ್ಣದ ಗ್ರಾನೈಟ್. ಇದು ಮಾತ್ರ ಕಪ್ಪು. ಗಾತ್ರಕ್ಕಿಂತ ತೂಕ ಜಾಸ್ತಿ. ಹೊರಗೆಲ್ಲ ಕರಗಿ ಹರಿದ ಹಾಗೆ ಸುಕ್ಕು. ಅಂಗಡಿಯಲ್ಲಿದ್ದ ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದರೆ ಕೆಲವು ಕಡೆ ಅಂಟಿಕೊಳ್ಳುತ್ತದೆ. ಮೊಬೈಲಿನಲ್ಲಿ ನೋಡಿದ ವಿಡಿಯೋಗಳಲ್ಲಿ ಉಲ್ಕೆಯ ಲಕ್ಷಣ ಅಂತ ಹೇಳಿದ್ದು ಇವೇ ಅಲ್ವಾ? ಕಪ್ಪು, ಭಾರ, ಕರಗಿದ ಮೈ, ಅಯಸ್ಕಾಂತ. ನಾಲ್ಕಕ್ಕೆ ನಾಲ್ಕೂ ಕೂಡಿಬಂದಿದ್ದವು.

ಎರಡು ದಿನ ಮೊದಲೇ ಅವನು ವಾಟ್ಸಾಪಿನಲ್ಲಿ ಫೋಟೊ ಕಳಿಸಿದ್ದ. ನಾನು ನೋಡಿ, "ಮ್ಯಾಂಗನೀಸ್ ಅದಿರು ಇರಬಹುದು, ತಗೊಂಡು ಬಾ" ಅಂತ ಬರೆದಿದ್ದೆ. ನಮ್ಮ ಜಿಲ್ಲೆಯಲ್ಲಿ ಕಪ್ಪಾಗಿ ಭಾರವಾಗಿ ಏನೇ ಸಿಕ್ಕರೂ ತಲೆ ಮೊದಲು ಓಡುವುದು ಚಿಕ್ಕನಾಯಕನಹಳ್ಳಿ ಕಡೆಗೆ. ಅಲ್ಲಿ ಕಬ್ಬಿಣದ ಅದಿರೂ ಇದೆ, ಮ್ಯಾಂಗನೀಸೂ ಇದೆ. ಆದರೆ ಅದು ಶಿಲಾಪಟ್ಟಿಯೇ ಬೇರೆ, ಜಿಲ್ಲೆಯ ಪಶ್ಚಿಮದ ಕಡೆಯದು. ಕೊರಟಗೆರೆ, ಮಧುಗಿರಿ, ದೇವರಾಯನದುರ್ಗ ಇವೆಲ್ಲ ಕ್ಲೋಸ್‌ಪೇಟೆ ಗ್ರಾನೈಟಿನ ಸಾಲು. ಕ್ಲೋಸ್‌ಪೇಟೆ ಅಂದರೆ ರಾಮನಗರದ ಹಳೇ ಹೆಸರು. ಅಲ್ಲಿಂದ ಉತ್ತರಕ್ಕೆ ಪಾವಗಡದ ಆಚೆವರೆಗೂ ಈ ಬಂಡೆಗಳ ಸಾಲು ಹೋಗುತ್ತದೆ, ವಯಸ್ಸು ಸುಮಾರು 250 ಕೋಟಿ ವರ್ಷ. ಆ ಸಾಲಿನ ನಡುವೆ ಮ್ಯಾಂಗನೀಸ್ ಅದಿರಿನ ಗಟ್ಟಿ ಏಕೆ ಬರಬೇಕು ಅಂತ ನಾನು ಒಂದು ನಿಮಿಷ ಯೋಚನೆ ಮಾಡಬೇಕಿತ್ತು. ಮಾಡಲಿಲ್ಲ. ಫೋಟೊ ನೋಡಿ ಕಲ್ಲಿನ ಹೆಸರು ಹೇಳಬಾರದು ಅಂತ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವನು ನಾನೇ ಹೇಳಿದೆ. ಇದು ಮೊದಲ ತಪ್ಪು.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಅದು ಮುಂದೆ ಬರುತ್ತದೆ.

ಮೇಜಿನ ಮೇಲೆ

ಮೊದಲು ಗೀರು ನೋಡಿದೆ. ಟೈಲ್ಸ್ ಹಿಂಬದಿಯ ಹೊಳಪಿಲ್ಲದ ಬಿಳಿ ಮೈ ಇದೆಯಲ್ಲ, ಅದರ ಮೇಲೆ ಕಲ್ಲನ್ನು ಒತ್ತಿ ಎಳೆಯಬೇಕು. ಕಲ್ಲಿನ ಮೈಬಣ್ಣ ಮೋಸ ಮಾಡಬಹುದು, ಅದರ ಪುಡಿಯ ಬಣ್ಣ ಅಷ್ಟು ಸುಲಭಕ್ಕೆ ಮೋಸ ಮಾಡುವುದಿಲ್ಲ. ಮ್ಯಾಂಗನೀಸ್ ಆಗಿದ್ದರೆ ಒಲೆಯ ಮಸಿಯಂಥ ಕಪ್ಪು ಗೆರೆ ಬೀಳಬೇಕಿತ್ತು. ಹೆಮಟೈಟ್ ಅನ್ನುವ ಕಬ್ಬಿಣದ ಅದಿರಾಗಿದ್ದರೆ ಎಷ್ಟೇ ಕಪ್ಪಾಗಿ ಕಂಡರೂ ಕೆಮ್ಮಣ್ಣಿನ ಗೆರೆ. ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು ಮ್ಯಾಗ್ನಟೈಟ್ ಆದರೆ ಗಾಢ ಕಪ್ಪು. ಇದು ಟೈಲನ್ನೇ ಕೊಂಚ ಕೆರೆದು, ಮಾಸಲು ಬೂದಿ ಬಣ್ಣದ ಗೆರೆ ಬಿಟ್ಟಿತು. ನನ್ನ ಮ್ಯಾಂಗನೀಸ್ ಅಲ್ಲಿಗೇ ಬಿದ್ದುಹೋಯಿತು. ಹುಡುಗನ ಮುಖ ಅರಳಿತು, ಯಾಕೆಂದರೆ ಉಲ್ಕೆಯೂ ಅಂಥ ಗಾಢ ಗೆರೆ ಬಿಡುವುದಿಲ್ಲ ಅಂತ ಅವನಿಗೆ ಗೊತ್ತಿತ್ತು.

ಆಮೇಲೆ ತೂಕ. ಇದಕ್ಕೆ ದೊಡ್ಡ ಯಂತ್ರ ಬೇಡ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಕಲ್ಲನ್ನು ಹಾಗೇ ತೂಗಿದಾಗ 684 ಗ್ರಾಂ. ನಂತರ ನೀರಿರುವ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆ ಮಾಡಿ, ಕಲ್ಲನ್ನು ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ಹಿಡಿದೆ. ತಳಕ್ಕೂ ತಾಗಬಾರದು, ಪಕ್ಕಕ್ಕೂ ತಾಗಬಾರದು. ತಕ್ಕಡಿ 198 ತೋರಿಸಿತು. ಅಂದರೆ ಕಲ್ಲು 198 ಗ್ರಾಂ ನೀರಿನ ಜಾಗ ಹಿಡಿಯುತ್ತದೆ. 684ನ್ನು 198ರಿಂದ ಭಾಗಿಸಿದರೆ ಸುಮಾರು 3.45. ನೀರಿಗಿಂತ ಇದು ಮೂರೂವರೆ ಪಟ್ಟು ಭಾರ ಅಂತಾಯಿತು.

ಗ್ರಾನೈಟ್ 2.7ರ ಹತ್ತಿರ ಇರುತ್ತದೆ. ನಮ್ಮ ಕಡೆ ಸ್ಲ್ಯಾಬಿಗೆ ಕೊಯ್ಯುವ ಕರಿಕಲ್ಲು, ಅಂದರೆ ಡಾಲರೈಟ್, 3ರ ಆಸುಪಾಸು. ಮ್ಯಾಗ್ನಟೈಟ್ 5.2. ಕಬ್ಬಿಣದ ಉಲ್ಕೆ 7ಕ್ಕೂ ಜಾಸ್ತಿ. ಆದರೆ ಕಲ್ಲಿನ ಉಲ್ಕೆ ಎಷ್ಟು ಗೊತ್ತಾ? ಹೆಚ್ಚಿನವು 3.3ರಿಂದ 3.7ರ ಒಳಗೆ. ಹುಡುಗ ಆ ಅಂಕಿಯನ್ನು ಮೊಬೈಲಿನಲ್ಲಿ ತೆಗೆದು ನನಗೇ ತೋರಿಸಿದ. ಅವನು ತಪ್ಪು ಹೇಳುತ್ತಿರಲಿಲ್ಲ. ತೂಕದ ಪರೀಕ್ಷೆ ಗ್ರಾನೈಟನ್ನು ಹೊರಗೆ ಹಾಕಿತು, ಅದಿರನ್ನು ಹೊರಗೆ ಹಾಕಿತು. ಉಲ್ಕೆಯನ್ನು ಹೊರಗೆ ಹಾಕಲಿಲ್ಲ.

ಅಯಸ್ಕಾಂತದ ವಿಷಯ ಹೇಳಿಬಿಡುತ್ತೇನೆ. ಉಲ್ಕೆ ಅಂತ ಅನುಮಾನ ಇದ್ದರೆ ಬಲವಾದ ಅಯಸ್ಕಾಂತ ತಾಗಿಸಬೇಡಿ. ಕಲ್ಲು ತನ್ನೊಳಗೆ ಕಾಪಾಡಿಕೊಂಡು ಬಂದ ಹಳೆಯ ಕಾಂತದ ಗುರುತು ಅದರಿಂದ ಅಳಿಸಿಹೋಗುತ್ತದೆ. ದಿಕ್ಸೂಚಿಯ ಮುಳ್ಳು ಹತ್ತಿರ ತಂದು ಅಲುಗುತ್ತದಾ ನೋಡಿದರೆ ಸಾಕು. ಇಲ್ಲಿ ಸ್ಪೀಕರಿನ ಅಯಸ್ಕಾಂತ ಆಗಲೇ ತಾಗಿಯಾಗಿತ್ತು. ನಾನೂ ಮುಳ್ಳು ಹಿಡಿದು ನೋಡಿದೆ. ಎರಡು ಜಾಗದಲ್ಲಿ ಚೆನ್ನಾಗಿ ತಿರುಗಿತು, ಉಳಿದ ಕಡೆ ಅಷ್ಟಾಗಿ ಇಲ್ಲ. ಕಬ್ಬಿಣ ಇರುವ ಎಷ್ಟೋ ವಸ್ತುಗಳು ಹೀಗೇ ಮಾಡುತ್ತವೆ. ಇದರಿಂದಲೂ ತೀರ್ಮಾನ ಆಗಲಿಲ್ಲ.

ಹಾಗಾಗಿ ಅಂಕಿ ಬಿಟ್ಟು ಕಣ್ಣಿಗೆ ಕೆಲಸ ಕೊಟ್ಟೆ. ಹತ್ತು ಪಟ್ಟಿನ ಮಸೂರ ಹಿಡಿದು ಕಲ್ಲಿನ ಮೇಲ್ಮೈಯನ್ನು ಬೆರಳಗಲ ಬೆರಳಗಲ ನೋಡುತ್ತಾ ಹೋದೆ. ಆರಿದ ರಾಗಿ ಅಂಬಲಿಯ ಮೇಲೆ ಕೆನೆ ಕಟ್ಟುತ್ತದಲ್ಲ, ಪಾತ್ರೆ ಓರೆ ಮಾಡಿದರೆ ಅದು ಒಂದು ಕಡೆಗೆ ಸುಕ್ಕುಗಟ್ಟುತ್ತದೆ. ಹಾಗೇ ಇತ್ತು. ಮಡಿಕೆ ಮಡಿಕೆಯಾಗಿ, ಹಗ್ಗದ ಹುರಿಯ ಹಾಗೆ. ಉಲ್ಕೆಯ ಮೇಲೂ ಕರಗಿದ ಪದರ ಇರುತ್ತದೆ, ನಿಜ. ಆದರೆ ಅದು ಮೊಟ್ಟೆ ಸಿಪ್ಪೆಯಷ್ಟು ತೆಳು, ಹೆಚ್ಚೆಂದರೆ ಒಂದೆರಡು ಮಿಲಿಮೀಟರ್. ಗಾಳಿಯನ್ನು ಸೀಳಿ ಬರುವಾಗಿನ ಕಾವಿಗೆ ಮೈ ಮಾತ್ರ ಕರಗುತ್ತದೆ, ಕರಗಿದ್ದು ಹಾರಿಹೋಗುತ್ತದೆ, ಒಳಗಿನದು ತಣ್ಣಗೇ ಇರುತ್ತದೆ. ಇಲ್ಲಿ ಸುಕ್ಕು ಬೆರಳು ದಪ್ಪ ಇತ್ತು. ಹೊರಗಿನ ಸಿಪ್ಪೆ ಮಾತ್ರ ಅಲ್ಲ, ಇಡೀ ಕಲ್ಲೇ ಒಂದು ಕಾಲದಲ್ಲಿ ಪಾಯಸದ ಹಾಗೆ ಹರಿದಿತ್ತು.

ಮಗುಚಿ ಹಾಕಿದೆ. ಕೆಳಮೈ ಬೇರೆಯೇ ಆಗಿತ್ತು. ಒರಟು, ಅಲ್ಲಲ್ಲಿ ಮರಳಿನ ಹರಳು ಕಚ್ಚಿಕೊಂಡಿವೆ. ಒಂದು ಕಡೆ ಹೆಂಚಿನ ಚೂರಿನಂಥ ಕೆಂಪು ಮಣ್ಣು ಅಂಟಿದೆ. ಅದರ ಪಕ್ಕದಲ್ಲಿ ಕಿರುಬೆರಳಿನಷ್ಟು ಉದ್ದದ ಒಂದು ತಗ್ಗು. ಆ ತಗ್ಗಿನೊಳಗೆ ಸಾಲು ಸಾಲು ಗೆರೆ. ಮಸೂರವನ್ನು ಹುಡುಗನ ಕೈಗೆ ಕೊಟ್ಟೆ.

"ಏನ್ ಕಾಣ್ತದೆ?"

ತುಂಬ ಹೊತ್ತು ನೋಡಿದ. "ಸೌದೆ ಸೀಳಿದ್ರೆ ಇರ್ತದಲ್ಲ ಸಾರ್, ಆ ಥರ ಗೆರೆ."

ಅದು ಇದ್ದಲಿನ ಅಚ್ಚು. ಕಾದು ಹರಿಯುತ್ತಿದ್ದ ದ್ರವ ಒಂದು ಇದ್ದಲಿನ ತುಂಡನ್ನು ತಬ್ಬಿಕೊಂಡು ಗಟ್ಟಿಯಾಗಿತ್ತು. ಇದ್ದಲು ಎಂದೋ ಉದುರಿಹೋಗಿದೆ, ಮರದ ಎಳೆಗಳ ಗುರುತು ಉಳಿದಿದೆ. ಆಕಾಶದಿಂದ ಬಂದ ಕಲ್ಲಿಗೆ ಸೌದೆಯ ಗುರುತು ಎಲ್ಲಿಂದ ಬರಬೇಕು?

ಆದರೂ ಹುಡುಗನ ಒಪ್ಪಿಗೆ ಪಡೆದು ಒಂದು ಮೂಲೆಯನ್ನು ಸಾಣೆಕಲ್ಲಿನ ಮೇಲೆ ನೀರು ಹಾಕಿ ಉಜ್ಜಿದೆ. ಉಗುರಿನಷ್ಟು ಅಗಲ ಸಮತಟ್ಟಾದ ಮೇಲೆ ಒಳಗಿನದು ಕಂಡಿತು. ಬೂದಿ–ಕಪ್ಪು ಹಿನ್ನೆಲೆ, ಅದರಲ್ಲಿ ಸೂಜಿಯಂಥ ಸಣ್ಣ ಹರಳುಗಳ ಮಿಣುಕು, ಎಲ್ಲೆಡೆ ದೋಸೆ ಕಾವಲಿಯ ಮೇಲೆ ಏಳುವಂಥ ಗುಂಡನೆಯ ತೂತುಗಳು. ಗಾಳಿಗುಳ್ಳೆಗಳು. ಕಲ್ಲಿನ ಉಲ್ಕೆಯಲ್ಲಿ ಇಂಥ ಗುಳ್ಳೆಗಳು ಸಾಮಾನ್ಯವಾಗಿ ಇರುವುದಿಲ್ಲ. ಅದರ ಒಳಗೆ ಹೆಚ್ಚಾಗಿ ಕಾಣುವುದು ರಾಗಿ ಕಾಳಿನಂಥ ದುಂಡು ಕಣಗಳು, ಮತ್ತೆ ಚದುರಿದ ಲೋಹದ ಚುಕ್ಕೆಗಳು.

ಅಷ್ಟರಲ್ಲಿ ಹುಡುಗ, "ಸಾರ್, ಇಲ್ಲೊಂದು ಹೊಳೀತಿದೆ!" ಅಂದ. ನಿಜ. ಉಜ್ಜಿದ ಜಾಗದ ಅಂಚಿನಲ್ಲಿ ಸಾಸಿವೆಯಷ್ಟು ಬೆಳ್ಳಿ ಬಣ್ಣದ ಲೋಹ. ಒಂದು ಕ್ಷಣ ನನ್ನ ಎದೆಯೂ ಹೊಡೆದುಕೊಂಡಿತು.

ಉಲ್ಕೆಯ ಕಬ್ಬಿಣಕ್ಕೆ ಒಂದು ಗುರುತಿದೆ, ಅದರಲ್ಲಿ ನಿಕ್ಕಲ್ ಇದ್ದೇ ಇರುತ್ತದೆ. ಮನುಷ್ಯ ಅದಿರಿನಿಂದ ತೆಗೆದ ಕಬ್ಬಿಣದಲ್ಲಿ ಸಾಮಾನ್ಯವಾಗಿ ನಿಕ್ಕಲ್ ಹೆಸರಿಗೂ ಇರುವುದಿಲ್ಲ. ಮರುದಿನ ನನ್ನ ಹಳೇ ಶಿಷ್ಯೆಯ ಲ್ಯಾಬಿಗೆ ಹೋದೆವು, ಆಕೆ ಈಗ ರಸಾಯನಶಾಸ್ತ್ರದ ಉಪನ್ಯಾಸಕಿ. ಆ ಲೋಹದ ಚುಕ್ಕೆಯನ್ನು ಕೆರೆದು ತೆಗೆದ ಪುಡಿಯನ್ನು ಆಮ್ಲದಲ್ಲಿ ಕರಗಿಸಿದಳು. ಕಬ್ಬಿಣ ಅಡ್ಡ ಬರದ ಹಾಗೆ ಸಿಟ್ರಿಕ್ ಆಮ್ಲ ಸೇರಿಸಿ, ಅಮೋನಿಯಾ ಹಾಕಿ, ಕೊನೆಗೆ ಡೈಮೀಥೈಲ್ ಗ್ಲೈಆಕ್ಸೈಮ್ ಹನಿಸಿದಳು. ಲವಣ ಪರೀಕ್ಷೆ ಮಾಡಿದ ವಿದ್ಯಾರ್ಥಿಗಳಿಗೆಲ್ಲ ಇದು ಗೊತ್ತು. ನಿಕ್ಕಲ್ ಇದ್ದರೆ ಕನಕಾಂಬರಕ್ಕಿಂತ ಗಾಢವಾದ ಗುಲಾಬಿ–ಕೆಂಪು ಬರುತ್ತದೆ. ಹೋಲಿಸಲು ಪಕ್ಕದ ನಳಿಗೆಯಲ್ಲಿ ನಿಕ್ಕಲ್ ಸಲ್ಫೇಟ್ ದ್ರಾವಣ ಇಟ್ಟಿದ್ದಳು. ಅದು ತಕ್ಷಣ ಕೆಂಪಾಯಿತು. ನಮ್ಮದು ಆಗಲಿಲ್ಲ. ಹತ್ತು ನಿಮಿಷ ಕಾದೆವು. ಆಗಲಿಲ್ಲ.

ಆ ಎರಡು ನಳಿಗೆಗಳನ್ನು ಹುಡುಗ ಬೆಳಕಿಗೆ ಹಿಡಿದು ನೋಡಿದ. ಏನೂ ಹೇಳಲಿಲ್ಲ. ನಳಿಗೆಗಳನ್ನು ಜೋಪಾನವಾಗಿ ಸ್ಟ್ಯಾಂಡಿನಲ್ಲಿಟ್ಟ.

ಕೇಳದೇ ಬಿಟ್ಟ ಪ್ರಶ್ನೆ

ವಾಪಸ್ ಬರುವಾಗ ಟೀ ಅಂಗಡಿಯಲ್ಲಿ ಕೂತಿದ್ದೆವು. ಆಗ ನಾನು ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ. ಹೊಂಡ ತೆಗೆಸಿದ್ದು ಯಾವ ಹೊಲದಲ್ಲಿ? ಎಷ್ಟು ಆಳದಲ್ಲಿ ಇದು ಬಂತು? ಅಲ್ಲಿ ಇದೊಂದೇ ಇತ್ತಾ?

"ನಾಲ್ಕಡಿ ಆಳ ಇರ್ಬೇಕು ಸಾರ್. ಇಂಥವು ಇನ್ನೂ ಅವೆ, ಚಿಕ್ ಚಿಕ್ಕವು. ಇದೇ ದೊಡ್ದು ಅಂತ ತಂದೆ. ನಮ್ ಕಿಟ್ದೊಲದಲ್ಲಿ."

"ಏನಂದೆ?"

"ಕಿಟ್ದೊಲ ಸಾರ್. ಪಾಣಿಯಲ್ಲಿ ಸರ್ವೆ ನಂಬರ್ ಅಷ್ಟೇ. ಮನೇಲಿ ಕಿಟ್ದೊಲ ಅಂತಾರೆ."

ಕಿಟ್ಟದ ಹೊಲ! ಹುಟ್ಟಿದಾಗಿನಿಂದ ಆ ಹೆಸರು ಅವನ ಕಿವಿಗೆ ಬಿದ್ದಿದೆ. ಬಾಯಿಂದ ಬಾಯಿಗೆ ಸವೆದು ಸವೆದು ಅದರೊಳಗಿನ 'ಕಿಟ್ಟ' ಅವನಿಗೆ ಕೇಳಿಸದೇ ಹೋಗಿದೆ. ಕಬ್ಬಿಣ ಕಾಯಿಸಿದಾಗ ಬೇರೆಯಾಗುವ ಕಶ್ಮಲಕ್ಕೆ ನಮ್ಮ ಭಾಷೆಯಲ್ಲಿ ಕಿಟ್ಟ ಅಂತಲೇ ಹೆಸರು. ಟವೆಲಿನಲ್ಲಿ ಸುತ್ತಿ ತಂದ ಕಲ್ಲಿನ ಹೆಸರು ಅವರ ಮನೆಯಲ್ಲಿ ತಲೆಮಾರುಗಳಿಂದ ಇತ್ತು. ನಾನು ಎಲ್ಲಿಂದ ತಂದೆ ಅಂತ ಕೇಳುವ ಮೊದಲು ಏನಿದು ಅಂತ ನೋಡಲು ಕೂತೆ. ಮೊದಲೇ ಹೇಳಿದೆನಲ್ಲ ಎರಡನೇ ತಪ್ಪು, ಅದು ಇದು. ಬೇರೆ ಯಾವ ತಪ್ಪಿಗಿಂತಲೂ ಇದು ನನಗೆ ಜಾಸ್ತಿ ಚುಚ್ಚುತ್ತದೆ. ಜಾಗ ಬಿಟ್ಟು ಬಂದ ಕಲ್ಲು ಅರ್ಧ ಕಲ್ಲು.

ಆಳದ ಮಾತೂ ಅಷ್ಟೇ. ಮುಕ್ಕಾಲು ಕೆಜಿಯೂ ಇಲ್ಲದ ಉಲ್ಕೆ ಗಾಳಿಯಲ್ಲಿ ಬರುತ್ತಾ ಬರುತ್ತಾ ವೇಗ ಕಳೆದುಕೊಳ್ಳುತ್ತದೆ. ನೆಲ ಮುಟ್ಟುವ ಹೊತ್ತಿಗೆ ಎತ್ತರದಿಂದ ಬಿದ್ದ ಯಾವುದೇ ಕಲ್ಲಿನ ಹಾಗೆ ಬೀಳುತ್ತದೆ. ಉತ್ತ ಮಣ್ಣಿನಲ್ಲಿ ಒಂದು ಗೇಣು ಇಳಿದರೆ ಹೆಚ್ಚು. ಹಿಂದಿನ ತಿಂಗಳು ಬಿದ್ದದ್ದು ನಾಲ್ಕಡಿ ಗಟ್ಟಿ ನೆಲದ ಕೆಳಗೆ ಹೋಗಿ ಕೂರಲು ಆಗುವುದಿಲ್ಲ. ಜನ ನೋಡಿದ ಬೆಂಕಿ ಉಂಡೆ ನಿಜವೇ ಇರಬಹುದು, ಈ ಕಲ್ಲಿಗೂ ಅದಕ್ಕೂ ಸಂಬಂಧ ಇಲ್ಲ.

ಹೊಲದಲ್ಲಿ

ಮುಂದಿನ ಭಾನುವಾರ ನಾನೇ ಹೋದೆ. ಹೊಂಡ ಅರ್ಧ ಆಗಿ ನಿಂತಿತ್ತು. ಜೆಸಿಬಿ ಕೊಯ್ದ ಗೋಡೆಯನ್ನು ನೀರು ಚಿಮುಕಿಸಿ ಕುಡುಗೋಲಿನಿಂದ ಸವರಿದರೆ ಪದರಗಳು ಎದ್ದು ಕಂಡವು. ಮೇಲೆ ಉಳುವ ಮಣ್ಣು, ಕೆಳಗೆ ಹಳದಿ ಮಣ್ಣು, ಅದರ ಕೆಳಗೆ ಮೊಣಕೈ ದಪ್ಪದ ಒಂದು ಕಪ್ಪು ಪಟ್ಟಿ. ಅದರ ತುಂಬ ಕಿಟ್ಟದ ಚೂರು, ಇದ್ದಲು, ಸುಟ್ಟ ಕೆಂಪು ಮಣ್ಣು.

ಮಣ್ಣಿನ ರಾಶಿಯಲ್ಲಿ ಹುಡುಕುತ್ತಾ ಹುಡುಗನೇ ಅದನ್ನು ಎತ್ತಿದ. ಸುಟ್ಟ ಮಣ್ಣಿನ ಒಂದು ತುಂಡು ಕೊಳವೆ. ಹೆಬ್ಬೆರಳು ತೂರುವಷ್ಟು ತೂತು. ಒಂದು ತುದಿ ಬರೀ ಮಣ್ಣು, ಇನ್ನೊಂದು ತುದಿ ಕರಗಿ ಗಾಜಿನ ಹಾಗೆ ಹಸಿರು–ಕಪ್ಪಾಗಿ ಮಿರುಗುತ್ತಿತ್ತು. ಅವರ ಅಜ್ಜಿ ಬದುವಿನ ಮೇಲೆ ಕೂತಿದ್ದರು. ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, "ಇದು ತಿದಿ ಬಾಯಿ ಕಣಪ್ಪ. ನಮ್ ತಾತನ ಕಾಲಕ್ಕೇ ನಿಂತೋಗಿತ್ತಂತೆ" ಅಂದರು. ಅಷ್ಟು ಸಲೀಸಾಗಿ ಅಂದರು.

ತಿದಿ ಒತ್ತಿದ ಗಾಳಿ ಕುಲುಮೆಯೊಳಗೆ ಹೋಗುವ ಕೊಳವೆ ಅದು. ಬೆಂಕಿಯ ಕಡೆಗಿದ್ದ ತುದಿ ಮಾತ್ರ ಗಾಜಾಗಿದೆ. ಇದು ಸಿಕ್ಕ ಮೇಲೆ ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಇಲ್ಲಿ ಬರೀ ಕಮ್ಮಾರಸಾಲೆ ಇರಲಿಲ್ಲ, ಅದಿರಿನಿಂದ ಕಬ್ಬಿಣ ತೆಗೆಯುತ್ತಿದ್ದರು. ಹರಿದು ಮಡಿಕೆಗಟ್ಟಿದ ಕಿಟ್ಟ ಇಷ್ಟು ರಾಶಿ ಬೀಳುವುದು ಅದಿರು ಕರಗಿಸುವ ಕಡೆ.

ಕಿಟ್ಟ ಯಾಕೆ ಅಷ್ಟು ಭಾರ ಅನ್ನುವ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಚರ್ಮದ ತಿದಿ, ಮಣ್ಣಿನ ಕುಲುಮೆ, ಇದ್ದಲಿನಲ್ಲಿ ಅಷ್ಟು ಕಾವು ಹಿಡಿದು ನಿಲ್ಲಿಸುವುದು ಆಗದ ಮಾತು. 1200ರ ಸುತ್ತಮುತ್ತ ಸಿಗುತ್ತದೆ. ಆ ಕಾವಿಗೆ ಕಬ್ಬಿಣ ಕರಗುವುದಿಲ್ಲ, ಗಟ್ಟಿಯಾಗಿಯೇ ಸ್ಪಂಜಿನಂಥ ಉಂಡೆಯಾಗಿ ಕೂಡಿಕೊಳ್ಳುತ್ತದೆ. ಅದಿರಿನ ಜೊತೆಗಿದ್ದ ಮರಳು ಮಾತ್ರ ಒಂದಷ್ಟು ಕಬ್ಬಿಣವನ್ನು ಎಳೆದುಕೊಂಡು, ಕರಗಿ, ಕೆಳಗೆ ಹರಿಯುತ್ತದೆ. ಹಾಗೆ ಹರಿದು ಆರಿದ್ದೇ ಕಿಟ್ಟ. ಬಿಸಿಯಾದ ಉಂಡೆಯನ್ನು ಈಚೆ ತೆಗೆದು ಸುತ್ತಿಗೆಯಿಂದ ಬಡಿದು ಬಡಿದು ಉಳಿದ ಕಿಟ್ಟ ಹಿಂಡಬೇಕು, ಆಗ ಬಳಸುವ ಕಬ್ಬಿಣ ಸಿಗುತ್ತದೆ. ಹೀಗೆ ತೆಗೆದರೆ ಅದಿರಿನ ಕಬ್ಬಿಣದಲ್ಲಿ ದೊಡ್ಡ ಪಾಲು ಕಿಟ್ಟದಲ್ಲೇ ಹೋಗಿಬಿಡುತ್ತದೆ. ನಮ್ಮ ಕಲ್ಲು 3.45 ತೂಗಿದ್ದು ಅದಕ್ಕೆ. ಗುಳ್ಳೆಗಳಿರದಿದ್ದರೆ ಇನ್ನೂ ಜಾಸ್ತಿ ತೂಗುತ್ತಿತ್ತು. ಸಾಸಿವೆಯಷ್ಟು ಹೊಳೆದ ಲೋಹವೂ ಉಂಡೆ ಸೇರಲಾಗದೆ ಕಿಟ್ಟದಲ್ಲಿ ಸಿಕ್ಕಿಕೊಂಡ ಕಬ್ಬಿಣದ ಕಣ.

1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಕಂಡದ್ದನ್ನು ಬರೆದಿಟ್ಟ. ಅದು 1807ರಲ್ಲಿ ಅಚ್ಚಾಯಿತು. ಮಧುಗಿರಿ, ಚನ್ನರಾಯನದುರ್ಗದ ಕಡೆ ಹಳ್ಳದ ಕರಿಮರಳಿನಿಂದ ಕಬ್ಬಿಣ ತೆಗೆಯುತ್ತಿದ್ದುದು ಅದರಲ್ಲಿ ಬರುತ್ತದೆ. ಆ ಕಬ್ಬಿಣವನ್ನು ಉಕ್ಕು ಮಾಡುವ ಬಗೆಯೂ ಇದೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ, ಹಸಿರು ಎಲೆ ಇಟ್ಟು ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಕಡ್ಡಿ ಒಳಗೇ ಇದ್ದಲಾಗಿ ಅದರ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತದೆ. ಹಬ್ಬದ ದಿನ ನಾವು ಕೀಳುವ ಹಳದಿ ಹೂವಿನ ಅದೇ ತಂಗಡಿ! ಇಂಥ ದಕ್ಷಿಣದ ಉಕ್ಕು ಇಂಗ್ಲೆಂಡಿಗೆ ಹೋಗಿ 'ವೂಟ್ಜ್' ಅಂತ ಹೆಸರಾಯಿತು. ಆ ಹೆಸರು ನಮ್ಮ 'ಉಕ್ಕು' ಅನ್ನೋದರಿಂದಲೇ ಬಂದದ್ದು ಅನ್ನುತ್ತಾರೆ. ಮೈಕೆಲ್ ಫ್ಯಾರಡೆ ವಿದ್ಯುತ್ತಿನ ಕೆಲಸಕ್ಕೆ ಹೆಸರಾಗುವ ಮೊದಲು ಕೂತು ಪರೀಕ್ಷೆ ಮಾಡಿದ್ದು ಈ ಉಕ್ಕನ್ನೇ. ಹಡಗಿನಲ್ಲಿ ಅಗ್ಗದ ಕಬ್ಬಿಣ ಬಂದ ಮೇಲೆ ನಮ್ಮ ಕುಲುಮೆಗಳು ಒಂದೊಂದಾಗಿ ಆರಿದವು.

ಈ ಹೊಲದ ಕುಲುಮೆ ಬುಕಾನನ್ ಕಾಲದ್ದೇ ಅಂತ ನಾನು ಹೇಳುವುದಿಲ್ಲ. ಕಿಟ್ಟದ ಮುಖ ನೋಡಿ ವಯಸ್ಸು ಹೇಳಲು ಬರುವುದಿಲ್ಲ, ಸಾವಿರಾರು ವರ್ಷ ಈ ಕೆಲಸ ಹೆಚ್ಚುಕಡಿಮೆ ಒಂದೇ ಥರ ನಡೆದಿದೆ. ವಯಸ್ಸು ಹೇಳಬಲ್ಲದ್ದು ಪದರದೊಳಗಿನ ಇದ್ದಲು. ಹಾಗಾಗಿ ಗೋಡೆಯಿಂದಲೇ ಎರಡು ತುಂಡು ಇದ್ದಲನ್ನು ಚಿಮ್ಮಟದಲ್ಲಿ ತೆಗೆದು, ಕೈ ತಾಗಿಸದೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಆಳ ಬರೆದಿಟ್ಟೆವು. ಹತ್ತಿಯಲ್ಲೋ ಕಾಗದದಲ್ಲೋ ಸುತ್ತಿದರೆ ಅವುಗಳ ಇಂಗಾಲ ಸೇರಿ ಲೆಕ್ಕ ಕೆಡಬಹುದು.

ಬೆಲೆಯ ಮಾತು

"ಹಂಗಾದ್ರೆ ಇದಕ್ಕೆ ರೇಟ್ ಇಲ್ವಾ ಸಾರ್?"

ಇಲ್ಲ ಅಂತ ನೇರವಾಗಿ ಹೇಳಿದೆ. ಸುತ್ತಿಬಳಸುವುದು ಅವನಿಗೆ ಮಾಡುವ ಅನ್ಯಾಯ. ಸ್ವಲ್ಪ ಹೊತ್ತು ಹೊಂಡದ ಕಡೆ ನೋಡುತ್ತಾ ನಿಂತ. ಆಮೇಲೆ ಹೇಳಿದ್ದು ಕೇಳಿ ನನ್ನ ಕೈಕಾಲು ತಣ್ಣಗಾಯಿತು. ಬೆಂಗಳೂರಿನಿಂದ ಯಾರೋ ಫೋನ್ ಮಾಡಿದ್ದರಂತೆ. ಫೋಟೊ ನೋಡಿಯೇ "ಇದು ಒರಿಜಿನಲ್, ಗ್ರಾಂ ಲೆಕ್ಕದಲ್ಲಿ ಕೊಳ್ಳುವ ಪಾರ್ಟಿ ಇದೆ" ಅಂದರಂತೆ. ಅದಕ್ಕೆ ಮೊದಲು ಟೆಸ್ಟಿಂಗ್ ಫೀಸು ಅಂತ 25,000 ರೂಪಾಯಿ ಕಟ್ಟಬೇಕು. ಅವನು ಬೈಕ್ ಅಡ ಇಡಲು ಮಾತಾಡಿ ಆಗಿತ್ತು. ಫೀಸು ಕಟ್ಟುವ ಮೊದಲು ಒಂದು ಸಲ ಕೇಳೋಣ ಅಂತ ನನ್ನ ಹತ್ತಿರ ಬಂದಿದ್ದ.

ಅಕ್ಕಿ ಕಾಳನ್ನು ಸೆಳೆಯುವ ಪವಾಡದ ಚೊಂಬು ಅಂತ ನಂಬಿಸಿ ದುಡ್ಡು ಕೀಳುವ ರೈಸ್ ಪುಲ್ಲಿಂಗ್ ಮೋಸ ನಮ್ಮ ಜಿಲ್ಲೆಗಳಲ್ಲಿ ಎಷ್ಟು ಮನೆ ಹಾಳು ಮಾಡಿದೆ ಅಂತ ಎಲ್ಲರಿಗೂ ಗೊತ್ತು. ಇದು ಅದೇ ಮರದ ಇನ್ನೊಂದು ಕೊಂಬೆ. ಕಲ್ಲು ನೋಡದೆ ಬೆಲೆ ಹೇಳುವವರು, ಕೊಳ್ಳುವ ಮೊದಲು ನಿಮ್ಮಿಂದಲೇ ದುಡ್ಡು ಕೇಳುವವರು, ಎಷ್ಟೇ ಚೆನ್ನಾಗಿ ಮಾತಾಡಿದರೂ ಫೋನ್ ಇಡಿ. ನಿಜವಾಗಿಯೂ ಉಲ್ಕೆ ಇರಬಹುದು ಅನ್ನಿಸಿದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ತಿಳಿಸಬೇಕು. ನಮ್ಮ ದೇಶದಲ್ಲಿ ಬಿದ್ದ ಉಲ್ಕೆಗಳನ್ನು ಕಾಪಾಡುವ ಹೊಣೆ ಅವರದು, ಬೆಂಗಳೂರಿನಲ್ಲೂ ಅವರ ಕಚೇರಿ ಇದೆ. ತೊಳೆಯಬೇಡಿ, ಎಣ್ಣೆ ಹಚ್ಚಬೇಡಿ, ಒಡೆಯಬೇಡಿ. ಬಿದ್ದ ಜಾಗದ ಫೋಟೊವನ್ನು ಪಕ್ಕದಲ್ಲಿ ಒಂದು ಪೆನ್ನೋ ಚಪ್ಪಲಿಯೋ ಇಟ್ಟು ತೆಗೆದುಕೊಳ್ಳಿ, ಅಳತೆ ಗೊತ್ತಾಗುತ್ತದೆ.

ಹೊಂಡದ ವಿಷಯ ಅವನೇ ತೀರ್ಮಾನ ಮಾಡಿದ. ನಾನು ಕೇಳಿರಲಿಲ್ಲ, ಕೇಳುವ ಹಕ್ಕೂ ನನಗಿರಲಿಲ್ಲ. ಅಜ್ಜಿಯ ಜೊತೆ ಮಾತಾಡಿ, ಹೊಂಡವನ್ನು ಇಳಿಜಾರಿನ ಕೆಳಕ್ಕೆ ಸರಿಸಿ ತೆಗೆಸಿದ. ಕಪ್ಪು ಪಟ್ಟಿಯ ಜಾಗವನ್ನು ಮಣ್ಣು ಮುಚ್ಚಿ ಹಾಗೇ ಬಿಟ್ಟರು. ನಾನು ನಕ್ಷೆ ಬರೆದು, ಫೋಟೊ, ಅಳತೆ, ಕೊಳವೆಯ ಚಿತ್ರ ಎಲ್ಲ ಸೇರಿಸಿ ರಾಜ್ಯ ಪುರಾತತ್ವ ಇಲಾಖೆಗೆ ಒಂದು ವರದಿ ಕಳಿಸಿದೆ. ಕಲ್ಲು ಅವನ ಅಂಗಡಿಯಲ್ಲೇ ಇದೆ. ಅದರ ಕೆಳಗೆ ಅವನೇ ಒಂದು ಚೀಟಿ ಬರೆದು ಅಂಟಿಸಿದ್ದಾನೆ: ಕಿಟ್ಟ, ಕಿಟ್ಟದ ಹೊಲ, ನಾಲ್ಕು ಅಡಿ, ದಿನಾಂಕ.

ಜೂನ್‌ನಲ್ಲಿ ಒಳ್ಳೆ ಮಳೆ ಬಂತು. ಒಂದು ಬೆಳಗ್ಗೆ ಅವನ ಫೋನು. ಹಳ್ಳದಲ್ಲಿ ನಿಂತು ಮಾತಾಡುತ್ತಿದ್ದ, ನೀರಿನ ಸದ್ದು ಕೇಳುತ್ತಿತ್ತು. ಆ ಹಳ್ಳ ಮುಂದೆ ಜಯಮಂಗಲಿಗೆ ಸೇರುತ್ತದೆ. ನೀರು ಇಳಿದ ಕಡೆ ಬಿಳಿ ಮರಳಿನ ಮೇಲೆ ಕಾಡಿಗೆ ಎಳೆದ ಹಾಗೆ ಕಪ್ಪು ಗೆರೆ ಬಿದ್ದಿವೆ ಸಾರ್, ಅಂದ. ಸ್ಪೀಕರಿನ ಅಯಸ್ಕಾಂತವನ್ನು ಆ ಗೆರೆಯ ಮೇಲೆ ಆಡಿಸಿದನಂತೆ, ಅದಕ್ಕೆ ಗಡ್ಡ ಬೆಳೆದ ಹಾಗೆ ಮರಳು ಹತ್ತಿಕೊಂಡಿತಂತೆ. ಗ್ರಾನೈಟಿನೊಳಗೆ ಚದುರಿರುವ ಮ್ಯಾಗ್ನಟೈಟ್ ಕಣಗಳು ಅವು. ಬಂಡೆ ಸವೆದು, ಮಳೆ ತೊಳೆದು, ಹಗುರದ ಮರಳೆಲ್ಲ ಮುಂದೆ ಹೋಗಿ ಭಾರದ್ದು ಹಿಂದೆ ಉಳಿಯುತ್ತದೆ. ಆ ಕುಲುಮೆಯ ಅದಿರು ಎಲ್ಲಿಂದ ಬಂತು ಅಂತ ನಾನು ವರದಿಯಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೆ.

"ಸಾರ್, ಒಂದು ಗುದ್ದಲಿ ಮಾಡೋಕೆ ಇಂಥದ್ದು ಎಷ್ಟು ಪುಟ್ಟಿ ಬೇಕಿತ್ತು?" ಅಂತ ಕೇಳಿದ.

ಒಂದು ಪುಟ್ಟಿ ತುಂಬಿ ತೂಗಿ ನೋಡು, ಲೆಕ್ಕ ಹಾಕೋಣ ಅಂದೆ. ಹಳ್ಳದಿಂದ ಮೇಲೆ ಹತ್ತುತ್ತಾ ಮನೆ ಕಡೆ ತಿರುಗಿ ಅಜ್ಜಿಯನ್ನು ಪುಟ್ಟಿ ಕೇಳುತ್ತಿದ್ದುದು ಫೋನಿನಲ್ಲಿ ಕೇಳಿಸಿತು.